ಎಸ್‌ಟಿಪಿ ಇದ್ದರೂ ಬೇಸಿಗೆಯಲ್ಲಿ ಭೀಮಾ ಹೊಳೆ ಯಾಕೆ ಕಪ್ಪಾಗುತ್ತದೆ?

ಪ್ರಶ್ನೆ: ಸರ್, ನಮಸ್ಕಾರ. ಕಲಬುರಗಿ–ಯಾದಗಿರಿ ನಡುವೆ ಭೀಮಾ ದಂಡೆಯ ಮೇಲಿರುವ ಊರು ನಮ್ಮದು. ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನಮಗಿಂತ ಐದಾರು ಕಿಲೋಮೀಟರ್ ಮೇಲೆ ಒಂದು ಪಟ್ಟಣ ಇದೆ. ಅದರ ನಾಲಾ ಹೊಳೆಗೆ ಬಂದು ಸೇರುತ್ತದೆ. ನಮ್ಮ ನಳದಲ್ಲಿ ಬರುವುದೂ ಹೊಳೆ ನೀರೇ. ಮಳೆಗಾಲದಲ್ಲಿ ತೊಂದರೆ ಇಲ್ಲ. ಬೇಸಿಗೆಯಲ್ಲಿ ಮಾತ್ರ ನೀರು ಕಪ್ಪಾಗಿ ವಾಸನೆ ಬರುತ್ತದೆ, ಅಂತರಗಂಗೆ ತುಂಬಿಕೊಳ್ಳುತ್ತದೆ. ಪಟ್ಟಣದಲ್ಲಿ ಎಸ್‌ಟಿಪಿ, ಅಂದರೆ ಹೊಲಸು ನೀರು ಶುದ್ಧ ಮಾಡುವ ಘಟಕ, ಕಟ್ಟಿ ವರ್ಷಗಳಾದವು. ಕೇಳಿದರೆ "ಇದೆಲ್ಲ ಮಹಾರಾಷ್ಟ್ರದಿಂದ ಬರುವ ಹೊಲಸು" ಅನ್ನುತ್ತಾರೆ. ನಿಜವಾ? ನೀರಿಗೆ ಹಾಕುವ ಪುಡಿ ಮಾರಲು ಒಬ್ಬರು ಬಂದಿದ್ದಾರೆ. ಪಂಚಾಯಿತಿ ದುಡ್ಡಿನಲ್ಲಿ ತೊಗೊಳ್ಳಬಹುದಾ? ನಮ್ಮಂಥ ಸಣ್ಣ ಊರು ಏನು ಮಾಡಬೇಕು? ಮಕ್ಕಳು ರಜೆಯಲ್ಲಿ ಹೊಳೆಗೆ ಈಜಲು ಹೋಗುತ್ತಾರೆ, ಬಿಡಬಹುದಾ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಒಂದು ಮಾತು ಇದೆ, "ಬೇಸಿಗೆಯಲ್ಲಿ ಮಾತ್ರ". ಅಲ್ಲಿಂದಲೇ ಶುರು ಮಾಡೋಣ. ಪಟ್ಟಣದ ಜನ ಮಳೆಗಾಲದಲ್ಲೂ ಸ್ನಾನ ಮಾಡುತ್ತಾರೆ, ಪಾತ್ರೆ ತೊಳೆಯುತ್ತಾರೆ, ಶೌಚಾಲಯ ಬಳಸುತ್ತಾರೆ. ನಾಲಾದಲ್ಲಿ ಬರುವ ಹೊಲಸು ವರ್ಷಪೂರ್ತಿ ಹೆಚ್ಚು ಕಡಿಮೆ ಅಷ್ಟೇ. ಬದಲಾಗುವುದು ಹೊಳೆ.

ಸ್ವಲ್ಪ ಲೆಕ್ಕ ಹಾಕೋಣ. ಕಾಗದದ ಮೇಲೆ ನೀವೂ ಹಾಕಿ ನೋಡಿ. ಆ ಪಟ್ಟಣದಲ್ಲಿ 75 ಸಾವಿರ ಜನ ಇದ್ದಾರೆ ಎಂದುಕೊಳ್ಳಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂದು ಸರ್ಕಾರಿ ಯೋಜನೆಗಳಲ್ಲಿ ಹಿಡಿಯುತ್ತಾರೆ. ಅದರಲ್ಲಿ ನೂರಕ್ಕೆ 80 ಭಾಗ ಗಟಾರ ಸೇರುತ್ತದೆ. ಅಂದರೆ ದಿನಕ್ಕೆ ಸುಮಾರು 81 ಲಕ್ಷ ಲೀಟರ್ ಹೊಲಸು ನೀರು.

ಈ ನೀರಿನಲ್ಲಿರುವ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಹೊಳೆಯಲ್ಲೇ ಇವೆ. ತಿನ್ನುವಾಗ ಅವು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸುತ್ತವೆ. ಎಷ್ಟು ಆಮ್ಲಜನಕ ಬೇಕಾಗುತ್ತದೆ ಅನ್ನುವ ಅಳತೆಗೆ ಬಿಒಡಿ ಎನ್ನುತ್ತಾರೆ. ಶುದ್ಧ ಮಾಡದ ಗಟಾರ ನೀರಿನ ಬಿಒಡಿ ಲೀಟರಿಗೆ 200ರಿಂದ 300 ಮಿಲಿಗ್ರಾಂ. ನಮ್ಮ ಕಡೆ ಬೇಸಿಗೆಯಲ್ಲಿ ಹೊಳೆ ನೀರೂ ಬಿಸಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಲೀಟರಿಗೆ 7 ಮಿಲಿಗ್ರಾಂ ಆಸುಪಾಸು. ಆದ್ದರಿಂದ ಒಂದು ಕೊಡ ಗಟಾರ ನೀರು ಸುಮಾರು 35 ಕೊಡ ಹೊಳೆ ನೀರಿನ ಉಸಿರನ್ನೆಲ್ಲ ಕುಡಿದುಬಿಡುತ್ತದೆ.

ಸ್ನಾನಕ್ಕೆ ಯೋಗ್ಯ ಅನ್ನಿಸಿಕೊಳ್ಳಲು ಹೊಳೆಯ ಬಿಒಡಿ 3 ಮಿಲಿಗ್ರಾಂ ದಾಟಬಾರದು. ಒಂದು ಕೊಡ ಗಟಾರ ನೀರು ಸೇರಿದ ಮೇಲೂ ಆ ಮಟ್ಟ ಉಳಿಯಬೇಕಾದರೆ ಅದಕ್ಕೆ ನೂರಕ್ಕೂ ಹೆಚ್ಚು ಕೊಡ ಒಳ್ಳೆ ನೀರು ಬೆರೆಯಬೇಕು. ನೂರೇ ಎಂದು ಹಿಡಿದರೂ 81 ಲಕ್ಷ ಲೀಟರಿಗೆ 81 ಕೋಟಿ ಲೀಟರ್ ಬೇಕು. ಹೊಳೆ ಭಾಷೆಯಲ್ಲಿ ಹೇಳುವುದಾದರೆ ಹಗಲು ರಾತ್ರಿ ಸುಮಾರು 330 ಕ್ಯೂಸೆಕ್ ಹರಿಯುತ್ತಿರಬೇಕು. ಆಗಸ್ಟ್‌ನಲ್ಲಿ ಭೀಮೆಗೆ ಅದು ಲೆಕ್ಕಕ್ಕೇ ಇಲ್ಲ. ಮೇ ತಿಂಗಳಲ್ಲಿ ಸೊನ್ನ, ಘತ್ತರಗಿ, ಸನ್ನತಿ, ಗುರುಸಣಗಿ ಬ್ಯಾರೇಜುಗಳ ಗೇಟು ಹಾಕಿದ ಮೇಲೆ ಅಷ್ಟು ನೀರು ಎಲ್ಲಿಂದ ಬರಬೇಕು? ಹೊಳೆ ಹರಿಯುವುದೇ ಇಲ್ಲ, ಮಡುಗಳಲ್ಲಿ ನಿಂತಿರುತ್ತದೆ. ಆ ಮಡುವಿಗೆ ಹೊಸದಾಗಿ ಬಂದು ಬೀಳುವುದು ನಾಲಾ ನೀರು ಒಂದೇ. ಬೇಸಿಗೆಯಲ್ಲಿ ನಿಮ್ಮ ಜಾಕ್‌ವೆಲ್ (ನಳಕ್ಕೆ ಹೊಳೆಯಿಂದ ನೀರೆತ್ತುವ ಬಾವಿ) ಎಳೆಯುವುದು ಅದನ್ನೇ.

ಅದೇ ನಾಲಾ ನೀರನ್ನು ಬಿಒಡಿ 10ಕ್ಕೆ ಇಳಿಸಿ ಬಿಟ್ಟರೆ ಏನಾಗುತ್ತದೆ ನೋಡಿ. ಒಂದು ಕೊಡಕ್ಕೆ ಮೂರೂವರೆ, ನಾಲ್ಕು ಕೊಡ ಹೊಳೆ ನೀರು ಸಾಕು. ನೂರು ಎಲ್ಲಿ, ನಾಲ್ಕು ಎಲ್ಲಿ! ಅದಕ್ಕೇ ಎಸ್‌ಟಿಪಿ ಬೇಕೇ ಬೇಕು ಎಂದು ನಾನು ಹೇಳುವುದು. 2017ರ ಕೇಂದ್ರದ ಅಧಿಸೂಚನೆಯಲ್ಲಿ ಸಣ್ಣ ಪಟ್ಟಣಗಳಿಗೆ 30ರ ತನಕ ಬಿಡಲು ಅವಕಾಶ ಇತ್ತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 10ಕ್ಕೆ ಬಿಗಿ ಮಾಡಿತು. ವರ್ಷದಲ್ಲಿ ನಾಲ್ಕೈದು ತಿಂಗಳು ಹರಿಯದೆ ನಿಲ್ಲುವ ನಮ್ಮ ಹೊಳೆಗಳಿಗೆ 10 ಸರಿಯಾದ ಅಂಕಿ.

ಹಾಗಾದರೆ ಎಸ್‌ಟಿಪಿ ಇದ್ದೂ ಯಾಕೆ ಹೀಗೆ? ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಕಡೆ ಉತ್ತರ ಒಂದೇ. ಹೊಲಸು ನೀರು ಎಸ್‌ಟಿಪಿ ತನಕ ಹೋಗುವುದೇ ಇಲ್ಲ.

ಒಂದು ಊರಲ್ಲಿ ನಾನು ಕಣ್ಣಾರೆ ನೋಡಿದ್ದು ಹೇಳುತ್ತೇನೆ. ಎಸ್‌ಟಿಪಿ ಚೆನ್ನಾಗಿಯೇ ಕಟ್ಟಿದ್ದರು. ಸುಣ್ಣ ಬಣ್ಣ, ತೋಟ ಎಲ್ಲ ಇತ್ತು. ಒಳಗೆ ಹೋಗಿ ನೋಡಿದರೆ ನೀರು ಬಂದು ಬೀಳುವ ಕಾಲುವೆಯಲ್ಲಿ ಪಾದ ಮುಳುಗುವಷ್ಟು ನೀರಿಲ್ಲ. ಅಲ್ಲಿಂದ ಅರ್ಧ ಕಿಲೋಮೀಟರ್ ಆಚೆ ನಾಲಾ ತುಂಬಿ ಹರಿಯುತ್ತಿತ್ತು. ರಸ್ತೆಯ ಕೆಳಗೆ ಪೈಪ್ ಹಾಕಿದ್ದರು, ಚೇಂಬರ್ ಕಟ್ಟಿದ್ದರು. ಮನೆಯಿಂದ ಚೇಂಬರ್‌ಗೆ ಹೋಗುವ ಹತ್ತು ಹದಿನೈದು ಅಡಿ ಪೈಪ್ ಮಾತ್ರ ಎಷ್ಟೋ ಮನೆಗಳಿಗೆ ಹಾಕಿರಲಿಲ್ಲ. ಗುತ್ತಿಗೆಯಲ್ಲಿ ಅದು ಸೇರಿರಲಿಲ್ಲ, ಜನರೂ ದುಡ್ಡು ಹಾಕಿರಲಿಲ್ಲ. ಆ ಹತ್ತು ಅಡಿಗೋಸ್ಕರ ಕೋಟಿಗಟ್ಟಲೆ ಕೆಲಸ ಖಾಲಿ ಕೂತಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದು ನಮ್ಮ ಭಾಗದ್ದೇ ಕಥೆ ಎಂದು ತಿಳಿಯಬೇಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020-21ರ ಲೆಕ್ಕದಂತೆ ದೇಶದ ನಗರಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಹೊಲಸು ನೀರು ಹುಟ್ಟುತ್ತದೆ. ಕಟ್ಟಿರುವ ಎಸ್‌ಟಿಪಿಗಳ ಸಾಮರ್ಥ್ಯ 31,841. ನಿಜವಾಗಿ ಅವುಗಳ ಒಳಗೆ ಹೋಗಿ ಶುದ್ಧವಾಗುವುದು 20,235. ಕಟ್ಟಿದ್ದೇ ಅರ್ಧಕ್ಕಿಂತ ಕಡಿಮೆ, ಕಟ್ಟಿದ್ದರಲ್ಲೂ ಮೂರರಲ್ಲಿ ಒಂದು ಪಾಲು ಖಾಲಿ.

ನಮ್ಮ ಕಡೆ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ, ಮಣ್ಣು. ಬೆಂಗಳೂರಿನಲ್ಲಿ ಕೂತು ಮಾಡಿದ ಒಂದೇ ನಕ್ಷೆಯನ್ನು ಕಲಬುರಗಿ, ಯಾದಗಿರಿ, ಬೀದರ್ ಮೂರು ಜಿಲ್ಲೆಗೂ ಹಾಕಿದರೆ ನಡೆಯುವುದಿಲ್ಲ ಎಂದು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಎರೆ ಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದು ನಿಮಗೆ ಗೊತ್ತಿರುವ ವಿಷಯ, ತೊಗರಿ ಹೊಲದಲ್ಲಿ ನಡೆದವರು ನೀವು. ಅದೇ ಮಣ್ಣಿನೊಳಗೆ ಪೈಪ್ ಮಲಗಿದೆ. ವರ್ಷ ವರ್ಷ ಮಣ್ಣು ಎತ್ತಿ ಇಳಿಸಿದರೆ ಜೋಡಣೆ ಬಿಡುತ್ತದೆ, ಚೇಂಬರ್ ವಾಲುತ್ತದೆ. ಪೈಪಿನ ಕೆಳಗೆ, ಸುತ್ತ ಮರಳು ಅಥವಾ ಮುರುಮು ತುಂಬಿ, ಅಲುಗಾಡಿದರೂ ಬಿಡದ ರಬ್ಬರ್ ರಿಂಗ್ ಜೋಡಣೆ ಹಾಕಬೇಕು. ಅಗೆದ ಎರೆ ಮಣ್ಣನ್ನೇ ಮತ್ತೆ ಮುಚ್ಚಿದರೆ ನಾಲ್ಕು ಮಳೆಗಾಲಕ್ಕೆ ಕೆಲಸ ಹಾಳು.

ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಬಂದರೆ ಬೇರೆ ಕಷ್ಟ. ಎರಡು ಮೂರು ಅಡಿಗೇ ಫರಸಿ ಕಲ್ಲು ಸಿಗುತ್ತದೆ. ಅಗೆಯುವುದು ದುಬಾರಿ. ಆ ಸುಣ್ಣದ ಕಲ್ಲಿನ ಪದರುಗಳ ನಡುವೆ ಸಂದು ಜಾಸ್ತಿ. ಶೌಚಗುಂಡಿಯ ನೀರು ಸಂದಿನಲ್ಲಿ ಹರಿದು ಸೀದಾ ಯಾರದೋ ಬೋರಿಗೆ ಇಳಿಯುತ್ತದೆ, ನಡುವೆ ಸೋಸುವ ಮಣ್ಣೇ ಇಲ್ಲ. ಬೀದರಿನದು ಕೆಂಪು ಜಂಬಿಟ್ಟಿಗೆ ಕಲ್ಲು, ಮೈಯೆಲ್ಲ ತೂತು. ಆ ಕಲ್ಲು ನೀರನ್ನು ಹಿಡಿದು ಬಿಡುವ ಗುಣ ನೋಡಿಯೇ ಬಹಮನಿ ಕಾಲದಲ್ಲಿ, 15ನೇ ಶತಮಾನದಲ್ಲಿ, ನೌಬಾದ್‌ನಲ್ಲಿ ನೆಲದೊಳಗೆ ನೀರು ಹರಿಸುವ ಸುರಂಗ ಕೊರೆದು ಕರೇಜ್ ಮಾಡಿದರು. ಇವತ್ತು ಅದೇ ತೂತುಗಳಲ್ಲಿ ಇಂಗುಗುಂಡಿಯ ಹೊಲಸೂ ಇಳಿಯುತ್ತದೆ. ಬೀದರಿನಲ್ಲಿ ಇಂಗುಗುಂಡಿ ಬೇಗ ಖಾಲಿಯಾಗುತ್ತದೆ ಎಂದು ಜನ ಸಂತೋಷಪಡುತ್ತಾರೆ. ನನಗೆ ಅದನ್ನು ಕೇಳಿದರೇ ಭಯ. ಎರೆ ಭೂಮಿಯಲ್ಲಿ ಇದರ ಉಲ್ಟಾ. ಇಂಗುಗುಂಡಿ ಇಂಗುವುದೇ ಇಲ್ಲ. ಬೇಗ ತುಂಬುತ್ತದೆ, ಟ್ಯಾಂಕರ್ ಕರೆಸಬೇಕು, ಟ್ಯಾಂಕರಿನವರು ರಾತ್ರಿ ಹಳ್ಳಕ್ಕೆ ಬಿಟ್ಟು ಹೋಗುತ್ತಾರೆ. ಗಟಾರ ನೀರಿಗಿಂತ ಎಷ್ಟೋ ಪಟ್ಟು ಗಟ್ಟಿ ಹೊಲಸು ಅದು. ಒಂದು ಟ್ಯಾಂಕರ್ ಸಾಕು, ಮಡುವಿನ ಮೀನೆಲ್ಲ ತೇಲಲು.

ಆ ಟ್ಯಾಂಕರಿಗೆ ಹೋಗಲು ಒಂದು ಜಾಗ ಬೇಕು ಅಲ್ವಾ? ದೇವನಹಳ್ಳಿಯಲ್ಲಿ 2015ರಿಂದ ಅಂಥ ಒಂದು ಮಲತ್ಯಾಜ್ಯ ಘಟಕ ಇದೆ. ಪಟ್ಟಣದ ಗುಂಡಿಗಳ ಹೊಲಸು ಅಲ್ಲಿ ಗೊಬ್ಬರವಾಗುತ್ತದೆ. ನಮ್ಮ ತಾಲೂಕು ಕೇಂದ್ರಗಳಿಗೆ ಇದು ಒಳಚರಂಡಿಗಿಂತ ಮೊದಲು ಬರಬೇಕು ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ಮಾತು, ಮರೆಯಬೇಡಿ. ಸ್ವಚ್ಛ ಮಾಡಲು ಗುಂಡಿಗೆ, ಚೇಂಬರ್‌ಗೆ ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಒಳಗಿನ ಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ. ನಿಮ್ಮ ಊರಲ್ಲಿ ಯಾರಾದರೂ ಇಳಿಸಲು ಹೊರಟರೆ ಅಡ್ಡ ನಿಲ್ಲಿ.

ಈಗ ಮಹಾರಾಷ್ಟ್ರದ ಮಾತು. ಅದರಲ್ಲಿ ಸುಳ್ಳಿಲ್ಲ. ಪುಣೆಯ ಮುಳಾ-ಮುಠಾ ನದಿ ಭೀಮೆಗೆ ಸೇರುತ್ತದೆ, ಆ ಹೊಲಸು ಉಜನಿ ಜಲಾಶಯಕ್ಕೆ ಬರುತ್ತದೆ. ಆದರೆ ಹೊಳೆಗೆ ತನ್ನನ್ನು ತಾನೇ ತೊಳೆದುಕೊಳ್ಳುವ ಶಕ್ತಿಯೂ ಇದೆ. ನೂರಾರು ಕಿಲೋಮೀಟರ್ ಹರಿದು, ಜಲಾಶಯದಲ್ಲಿ ನಿಂತು, ಬ್ಯಾರೇಜು ದಾಟಿ ಬರುವಷ್ಟರಲ್ಲಿ ಕೊಳೆಯುವ ಹೊಲಸಿನ ಬಹುಪಾಲು ಕರಗಿಹೋಗಿರುತ್ತದೆ. ಉಳಿಯುವುದು ಸಾರಜನಕ, ರಂಜಕ. ಅಂತರಗಂಗೆ ಬೆಳೆಯಲು ಅವೂ ಕಾರಣ. ಆದರೆ ನಿಮ್ಮ ಮೂಗಿಗೆ ಹೊಡೆಯುವ ವಾಸನೆ ಹತ್ತಿರದ ನಾಲಾದ್ದು.

ಇದನ್ನು ಬಾಯಲ್ಲಿ ವಾದ ಮಾಡಬೇಡಿ, ಬಾಟಲಿಯಲ್ಲಿ ತೋರಿಸಿ. ಮೂರು ಕಡೆ ನೀರು ಹಿಡಿಯಿರಿ. ಒಂದು ಪಟ್ಟಣಕ್ಕಿಂತ ಮೇಲೆ. ಎರಡನೆಯದು ನಾಲಾ ಹೊಳೆಗೆ ಬೀಳುವ ಜಾಗ. ಮೂರನೆಯದು ನಾಲಾ ಬಾಯಿಯಿಂದ ಎರಡು ಮೂರು ಕಿಲೋಮೀಟರ್ ಕೆಳಗೆ. ಹೊಲಸು ಬಿದ್ದ ಜಾಗದಲ್ಲಿ ಆಮ್ಲಜನಕ ತಕ್ಷಣ ಕುಸಿಯುವುದಿಲ್ಲ, ಸೂಕ್ಷ್ಮಜೀವಿಗಳು ತಿನ್ನುತ್ತಾ ಹೋದಂತೆ ಕುಸಿಯುತ್ತದೆ. ಅದಕ್ಕೇ ಎಲ್ಲಕ್ಕಿಂತ ಕೆಟ್ಟ ಜಾಗ ಸ್ವಲ್ಪ ಕೆಳಗೆ ಇರುತ್ತದೆ, ಎಷ್ಟೋ ಸಲ ಕೆಳಗಿನ ಊರಿನ ಘಾಟಿನ ಎದುರೇ.

ಹೊತ್ತೂ ಮುಖ್ಯ. ಬೆಳಿಗ್ಗೆ ಆರಕ್ಕೆ ಹಿಡಿಯಿರಿ. ಹಸಿರು ಪಾಚಿ ಇರುವ ನೀರಿನಲ್ಲಿ ಮಧ್ಯಾಹ್ನ ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತದೆ, ಅಂಕಿ ಚೆನ್ನಾಗಿ ಕಾಣುತ್ತದೆ. ರಾತ್ರಿಯೆಲ್ಲ ಅದೇ ಪಾಚಿ ಆಮ್ಲಜನಕ ಎಳೆದುಕೊಂಡಿರುತ್ತದೆ. ಮೀನು ಸಾಯುವುದು ಬೆಳಗಿನ ಜಾವ. ಮಧ್ಯಾಹ್ನ ಹನ್ನೆರಡಕ್ಕೆ ಜೀಪಿನಲ್ಲಿ ಬಂದು ಹಿಡಿದ ಬಾಟಲಿಗೆ ಈ ವಿಷಯ ಗೊತ್ತಾಗುವುದಿಲ್ಲ. ಬಾಟಲಿಯಲ್ಲಿ ಗುಳ್ಳೆ ಉಳಿಯದಂತೆ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು, ಅವತ್ತೇ ಪ್ರಯೋಗಾಲಯಕ್ಕೆ ಮುಟ್ಟಿಸಿ. ಬಿಒಡಿ ಫಲಿತಾಂಶಕ್ಕೆ ಮೂರು ದಿನ ಬೇಕು. 27 ಡಿಗ್ರಿ ಬಿಸಿಯಲ್ಲಿ ಮೂರು ದಿನ ಇಟ್ಟು ಅಳೆಯುವುದು ನಮ್ಮ ದೇಶದ ಕ್ರಮ. ಮೇಲಿನ ಬಾಟಲಿ 3, ಕೆಳಗಿನದು 12 ಎಂದು ಬಂದರೆ ಮಹಾರಾಷ್ಟ್ರದ ಮಾತು ಅಲ್ಲಿಗೆ ಮುಗಿಯಿತು.

2018ರಲ್ಲಿ ಕೇಂದ್ರ ಮಂಡಳಿ ಇಡೀ ದೇಶದಲ್ಲಿ 351 ಕಲುಷಿತ ನದಿ ಭಾಗಗಳನ್ನು ಗುರುತಿಸಿತು. ಕರ್ನಾಟಕದ್ದು 17. ಭೀಮಾ, ಕಾಗಿಣಾ ಎರಡೂ ಆ ಪಟ್ಟಿಯಲ್ಲಿದ್ದವು. ಹಸಿರು ನ್ಯಾಯಮಂಡಳಿ ಇದನ್ನು ಕೈಗೆತ್ತಿಕೊಂಡು ಪ್ರತಿ ರಾಜ್ಯದಿಂದ ಕ್ರಿಯಾ ಯೋಜನೆ ಕೇಳಿತು. ಆದ್ದರಿಂದ ನೀವು ಹೊಸದೇನೂ ಕೇಳುತ್ತಿಲ್ಲ. ಆಗಲೇ ಒಪ್ಪಿಕೊಂಡ ಕೆಲಸ ಮಾಡಿ ಎನ್ನುತ್ತಿದ್ದೀರಿ.

ಏನು ಕೇಳಬೇಕು? ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. "ಹೊಳೆ ಯಾಕೆ ಕೆಟ್ಟಿದೆ" ಎಂದು ಬರೆದರೆ ಉತ್ತರ ಸಿಗುವುದಿಲ್ಲ. ಪಟ್ಟಣದಲ್ಲಿ ಮನೆ ಎಷ್ಟು, ಒಳಚರಂಡಿ ಸಂಪರ್ಕ ಎಷ್ಟು ಎಂದು ಕೇಳಿ. ಎಸ್‌ಟಿಪಿಗೆ ದಿನಾ ಎಷ್ಟು ನೀರು ಬಂತು ಎಂಬ ಮೀಟರ್ ದಾಖಲೆ, ಹೊರಬಿಟ್ಟ ನೀರಿನ ಪರೀಕ್ಷಾ ವರದಿ ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ ಎಸ್‌ಟಿಪಿ ಮತ್ತು ಪಂಪಿಂಗ್ ಸ್ಟೇಷನ್ನಿನ ಹನ್ನೆರಡು ತಿಂಗಳ ಕರೆಂಟ್ ಬಿಲ್ ಕೇಳಿ. ಇದು ನಾನು ಕೆಲಸದಲ್ಲಿ ಕಲಿತದ್ದು. ವರದಿ ಹೇಗಾದರೂ ಬರೆಯಬಹುದು, ಗಾಳಿ ಊದುವ ಯಂತ್ರ ಓಡಿದ್ದರೆ ಮಾತ್ರ ಬಿಲ್ ಬರುತ್ತದೆ. ಕರೆಂಟ್ ಹೋದಾಗ ಜನರೇಟರ್ ಇದೆಯಾ, ಡೀಸೆಲ್ ಇದೆಯಾ ಅಂತಲೂ ಕೇಳಿ. ಪಂಪ್ ನಿಂತರೆ ಹೊಲಸು ನೀರು ಕೂಡುವ ಬಾವಿ ತುಂಬಿ, ಪಕ್ಕದ ಗೇಟಿನಿಂದ ಎಲ್ಲ ನಾಲಾಕ್ಕೆ ಹೋಗುತ್ತದೆ. ಒಳಗೆ ಬೆಳೆಸಿದ ಸೂಕ್ಷ್ಮಜೀವಿಗಳೂ ಗಾಳಿಯಿಲ್ಲದೆ ಸಾಯುತ್ತವೆ. ಅವು ಮತ್ತೆ ಬೆಳೆಯಲು ವಾರಗಟ್ಟಲೆ ಬೇಕು.

ಸರಿಯಾಗಿ ಶುದ್ಧವಾದ ನೀರನ್ನೂ ಬೇಸಿಗೆಯಲ್ಲಿ ಹೊಳೆಗೆ ಯಾಕೆ ಬಿಡಬೇಕು? ನನಗೆ ಅನ್ನಿಸುವುದು, ಅದು ಹೊಲಕ್ಕೆ ಹೋಗಬೇಕು. ಎಕರೆಗೆ ದಿನಕ್ಕೆ 20 ಸಾವಿರ ಲೀಟರ್ ಎಂದು ಹಿಡಿದರೂ 81 ಲಕ್ಷ ಲೀಟರಿನಲ್ಲಿ 400 ಎಕರೆ ಮೇವು ಬೆಳೆಯಬಹುದು. ಮೇ ತಿಂಗಳಲ್ಲಿ ಕಲಬುರಗಿ ಭಾಗದಲ್ಲಿ 400 ಎಕರೆ ಹಸಿ ಮೇವು ಅಂದರೆ ಏನು ಅಂತ ದನ ಸಾಕಿದ ನಿಮಗೆ ಹೇಳಬೇಕಾಗಿಲ್ಲ. ಬೆಂಗಳೂರಿನ ಶುದ್ಧ ಮಾಡಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ, ಅಷ್ಟು ದೂರ. ನಮ್ಮದು ಪಕ್ಕದ ಹೊಲ. ಕೊತ್ತಂಬರಿ, ಮೆಂತ್ಯ, ಮೂಲಂಗಿಯಂಥ ಹಸಿ ತಿನ್ನುವ ಬೆಳೆಗೆ ಮಾತ್ರ ಬೇಡ. ಎರೆ ಹೊಲವಾದರೆ ನೀರು ಬಸಿದು ಹೋಗಲು ಕಾಲುವೆ ಇರಲಿ, ಇಲ್ಲದಿದ್ದರೆ ಉಪ್ಪು ನಿಂತು ಹೊಲ ಸವಳಾಗುತ್ತದೆ. ಈಗ ಎಷ್ಟೋ ರೈತರು ಶುದ್ಧ ಮಾಡದ ನಾಲಾ ನೀರಿಗೇ ಪಂಪ್ ಇಟ್ಟು ತರಕಾರಿ ಬೆಳೆಯುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ನೀರು ಬೇಕು ಎನ್ನುವವರು ಆಗಲೇ ಅಲ್ಲಿದ್ದಾರೆ, ಅವರಿಗೆ ಒಳ್ಳೆ ನೀರು ಕೊಡಬೇಕು.

ನಿಮ್ಮ ಊರಿನದೂ ಒಂದು ಪಾಲು ಇದೆ, ತಂಗಿ. ನಿಮ್ಮ ಓಣಿಯ ಮೋರಿ ಎಲ್ಲಿಗೆ ಹೋಗುತ್ತದೆ? ಬಹುಶಃ ಹೊಳೆಗೇ. ನಿಮ್ಮ ಕೆಳಗೂ ಒಂದು ಊರು ಇದೆ. ಸ್ವಚ್ಛ ಭಾರತ ಗ್ರಾಮೀಣ ಎರಡನೇ ಹಂತದಲ್ಲಿ ಮೋರಿ ನೀರಿನ ಕೆಲಸಕ್ಕೆ 5 ಸಾವಿರ ಜನರೊಳಗಿನ ಊರಿಗೆ ತಲೆಗೆ 280 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 660 ರೂಪಾಯಿ ಎಂದು ಇಟ್ಟಿದ್ದರು. ಮೂರು ಸಾವಿರ ಜನರ ಊರಿಗೆ 8 ಲಕ್ಷ 40 ಸಾವಿರ ಆಯಿತು. ಈಗ ಎಷ್ಟು ಸಿಗುತ್ತದೆ ಎಂದು ತಾಲೂಕು ಪಂಚಾಯಿತಿಯಲ್ಲಿ ವಿಚಾರಿಸಿ. ಆ ದುಡ್ಡಿನಲ್ಲಿ ಯಂತ್ರ ತರಬೇಡಿ. ಒಂದರ ಹಿಂದೆ ಒಂದು ಮೂರು ಕೊಳ ತೋಡಿ. ಮೊದಲನೆಯದರಲ್ಲಿ ಮಡ್ಡಿ ಇಳಿಯುತ್ತದೆ, ಉಳಿದ ಎರಡರಲ್ಲಿ ಬಿಸಿಲು ಮತ್ತು ಪಾಚಿ ಕೆಲಸ ಮಾಡುತ್ತವೆ. ನಮ್ಮಲ್ಲಿ ಬಿಸಿಲಿಗೆ ಬರ ಇಲ್ಲ, ಅದು ಈ ಕೆಲಸದಲ್ಲಿ ದೊಡ್ಡ ಆಸ್ತಿ. ಎರೆ ಭೂಮಿಯಲ್ಲಿ ಕೊಳ ಸೋರುವುದೂ ಕಡಿಮೆ. ಇಂಗುಗುಂಡಿಗೆ ಶಾಪವಾದ ಮಣ್ಣೇ ಕೊಳಕ್ಕೆ ವರ. ಪಂಜಾಬಿನಲ್ಲಿ ಸಂತ ಬಲಬೀರ್ ಸಿಂಗ್ ಸೀಚೇವಾಲ್ 2000ದಲ್ಲಿ ಕಾಲಿ ಬೇಯಿಂ ನದಿಯನ್ನು ಜನರ ಕೈಯಿಂದಲೇ ಶುಚಿ ಮಾಡಲು ಹೊರಟರು. ಅಲ್ಲಿಯ ಹಳ್ಳಿಗಳಲ್ಲಿ ಮೋರಿ ನೀರನ್ನು ಬಾವಿ, ಕೊಳಗಳಲ್ಲಿ ತಿಳಿ ಮಾಡಿ ಹೊಲಕ್ಕೆ ಹಾಯಿಸುವ ದಾರಿ ತೋರಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹಳ್ಳಿ ಮಟ್ಟದಲ್ಲಿ ಆಗುವ ಕೆಲಸ ಇದು.

ಪುಡಿ ತೊಗೊಳ್ಳಬೇಡಿ. ಪುಡಿಯಲ್ಲಿರುವ ಸೂಕ್ಷ್ಮಜೀವಿಗಳಿಗೂ ಅದೇ ಆಮ್ಲಜನಕ ಬೇಕು. ಹೊಳೆಯಲ್ಲಿ ಜೀವಿಗಳಿಗೆ ಕೊರತೆ ಇಲ್ಲ, ಆಮ್ಲಜನಕಕ್ಕೆ ಕೊರತೆ. ಅಂತರಗಂಗೆ ಮಾತ್ರ ಕೊಳೆಯುವ ಮೊದಲೇ ಎಳೆದು ದಂಡೆಯಿಂದ ದೂರ ಹಾಕಿಸಿ. ದಂಡೆಯಲ್ಲೇ ಬಿಟ್ಟರೆ ಕೊಳೆತು ಮತ್ತೆ ನೀರಿಗೇ ಇಳಿಯುತ್ತದೆ.

ಕುಡಿಯುವ ನೀರಿಗೆ ಇವತ್ತಿನಿಂದಲೇ ಎಚ್ಚರ ಬೇಕು. ಹೊಲಸು ಸೇರಿದ ನೀರಿನಲ್ಲಿ ಅಮೋನಿಯ ಇರುತ್ತದೆ. ನೀವು ಹಾಕಿದ ಕ್ಲೋರಿನ್ ಅದನ್ನು ತೀರಿಸುವುದರಲ್ಲೇ ಖರ್ಚಾಗುತ್ತದೆ, ರೋಗಾಣು ಕೊಲ್ಲಲು ಉಳಿಯುವುದಿಲ್ಲ. ಎಷ್ಟು ಬ್ಲೀಚಿಂಗ್ ಪೌಡರ್ ಹಾಕಿದೆವು ಎನ್ನುವುದು ಲೆಕ್ಕಕ್ಕಿಲ್ಲ. ಊರಿನ ಕೊನೆಯ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಜಲಜೀವನ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕೆಂದು ಇದೆ. ನಿಮ್ಮ ಊರಿನ ಆ ಐವರು ಯಾರು, ಕಿಟ್ ಎಲ್ಲಿದೆ ಹುಡುಕಿ. ಏಪ್ರಿಲ್‌ನಿಂದ ಮಳೆ ಹಿಡಿಯುವ ತನಕ ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಕುದಿಸಿದ ನೀರೇ ಕೊಡಿ.

ಇನ್ನು ಮಕ್ಕಳ ಈಜು. ನಾಲಾ ಸೇರುವ ಜಾಗದ ಕೆಳಗೆ ಬೇಸಿಗೆಯಲ್ಲಿ ಬಿಡಬೇಡಿ. ಕಿವಿ, ಕಣ್ಣು, ಹೊಟ್ಟೆ ಮೂರಕ್ಕೂ ಕೆಟ್ಟದ್ದು. ಮೊದಲ ಮಳೆ ಬಂತು, ಹೊಳೆ ತೊಳೆಯಿತು ಎಂದು ಓಡಿ ಹೋಗುತ್ತಾರೆ, ಆಗಲೂ ತಡೆಯಿರಿ. ನಾಲ್ಕು ತಿಂಗಳು ನಾಲಾ ತಳದಲ್ಲಿ ಕೂತ ಕಪ್ಪು ಮಡ್ಡಿಯನ್ನೆಲ್ಲ ಮೊದಲ ಮಳೆಯೇ ಎಬ್ಬಿಸಿ ತರುತ್ತದೆ. ವರ್ಷದಲ್ಲಿ ಅತಿ ಕೆಟ್ಟ ನೀರು ಆ ವಾರದ್ದು. ಪಟ್ಟಣಕ್ಕಿಂತ ಮೇಲಿನ ದಂಡೆಯಲ್ಲಿ ಬೆಳಗಿನ ಬಾಟಲಿ ಒಳ್ಳೆಯ ಅಂಕಿ ಕೊಟ್ಟರೆ, ದೊಡ್ಡವರೊಬ್ಬರನ್ನು ಜೊತೆಗೆ ಕಳಿಸಿ, ಅಲ್ಲಿ ಈಜಲಿ. ಮೂರು ಬಾಟಲಿಯ ವರದಿ ಬಂದಾಗ ನನಗೂ ಒಂದು ಪ್ರತಿ ಕಳಿಸಿ. ಅರ್ಜಿ ಬರೆಯುವಾಗ ಜೊತೆಗೆ ಕೂರುತ್ತೇನೆ.